ಮುಂದಿನ ಸಾಲಿಗೆ ಮೂರು ದಿನ

ನಮ್ಮೂರಿನ ವಿಮಾನ ಬೆಳಿಗ್ಗೆ ಹತ್ತು ನಲವತ್ತಕ್ಕೆ ಪೂರ್ವಕ್ಕೆ ಮುಖ ಮಾಡಿ ಏರುತ್ತದೆ. ಒಂದು ಗಂಟೆ ಹತ್ತು ನಿಮಿಷ ನೆಟ್ಟಗೆ ಹಾರುತ್ತದೆ. ಹನ್ನೊಂದು ಐವತ್ತಕ್ಕೆ ಪಶ್ಚಿಮದ ಕಡೆಯಿಂದ ಬಂದು ನಮ್ಮೂರಿನಲ್ಲೇ ಇಳಿಯುತ್ತದೆ. ನಡುವೆ ಎಲ್ಲಾದರೂ ತಿರುಗಿಸುತ್ತೀರಾ ಎಂದು ಕ್ಯಾಪ್ಟನ್ನರನ್ನು ನಾನು ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಅವರು, "ಇಲ್ಲ ಸ್ವಾಮಿ, ನೆಟ್ಟಗೇ ಹೋದೆ" ಎಂದರು. ನಾನು ಹಾಗೆಯೇ ಬರೆದುಕೊಂಡೆ.

ವಿಮಾನ ದೊಡ್ಡದೇನಲ್ಲ. ಮಧ್ಯೆ ಒಂದೇ ನಡುದಾರಿ, ಹತ್ತಲು ಇಳಿಯಲು ಮುಂದೆ ಒಂದೇ ಬಾಗಿಲು. ಸೀಟು ನೂರ ಐವತ್ತೆರಡು. ಮುಂದಿನ ಎರಡು ಸಾಲಿನಲ್ಲಿ ಆಚೆ ಎರಡು ಈಚೆ ಎರಡರಂತೆ ಎಂಟು ಸೀಟು, ಬಿಸಿನೆಸ್ ಕ್ಲಾಸು. ಆಮೇಲೆ ಒಂದು ಪರದೆ. ಪರದೆಯ ಹಿಂದೆ ಇಪ್ಪತ್ತನಾಲ್ಕು ಸಾಲು, ಸಾಲಿಗೆ ಆರು ಜನ. ಟಿಕೆಟ್ಟಿನ ಮೇಲೆ ಏನೇ ಅಚ್ಚಾಗಿರಲಿ, ಊರಿನವರ ಬಾಯಲ್ಲಿ ಅದು ಮುಂದಿನ ಸಾಲು, ಇದು ಹಿಂದಿನ ಸಾಲು.

ಇಳಿದವರು ಪರವೂರಿನವರು. ಹಿಂದಿನ ಸಾಲಿನಿಂದ ಇಳಿದರೆ ಅಂದು ಸೂರ್ಯ ಮುಳುಗುವ ತನಕ. ಮುಂದಿನ ಸಾಲಿನಿಂದ ಇಳಿದರೆ ಮೂರನೆಯ ದಿನ ಸೂರ್ಯ ಮುಳುಗುವ ತನಕ. ಅಷ್ಟು ಹೊತ್ತು ಅವರು ಯಾವ ಮನೆಯ ಹೆಸರು ಹೇಳುತ್ತಾರೋ ಆ ಮನೆಯವರು ಅವರನ್ನು ಅತಿಥಿಯಾಗಿ ಬರಮಾಡಿಕೊಳ್ಳಬೇಕು. ಅತಿಥಿ ದಾರಿ ಕೇಳಿಕೊಂಡೇ ಹೋಗಬೇಕು. ಮನೆಯವರು ಬಾಗಿಲಲ್ಲಿ ನಿಂತು, "ಯಾವ ಊರಾಯಿತು? ಪ್ರಯಾಣ ಹೇಗಿತ್ತು? ಕೈಕಾಲಿಗೆ ನೀರು ಕೊಡಲಾ?" ಎಂದು ಕೇಳಬೇಕು. ಒಬ್ಬರನ್ನೊಬ್ಬರು ಹಿಂದೆಂದೂ ಕಂಡವರಲ್ಲ. ಯಾರ ಬಾಯಿಂದಲಾದರೂ ಹಳೆಯ ಪರಿಚಯ ಜಾರಿದರೆ "ಗುರುತು ಬಿತ್ತು" ಎನ್ನುತ್ತೇವೆ. ಅತಿಥಿಯಿಂದ ಬಿದ್ದರೆ ಅತಿಥಿ ಅಲ್ಲಿಂದಲೇ ಎದ್ದು ಹೋಗಬೇಕು. ಇನ್ನೆಂದೂ ವಿಮಾನ ಇಳಿದು ಆ ಮನೆಯ ಹೆಸರು ಹೇಳುವಂತಿಲ್ಲ. ಮನೆಯವರಿಂದ ಬಿದ್ದರೆ ಕಾನೂನು ಅಲ್ಲಿಗೆ ಮುಗಿಯಿತು, ಮುಂದಿನದು ಅವರವರಿಗೆ ಬಿಟ್ಟದ್ದು. ಆದರೆ ಬಂದವರನ್ನು ನಿಭಾಯಿಸಲಾರದ ಮನೆ ಎಂದು ಬೀದಿಯವರು ಒಂದು ವರ್ಷ ನಗುತ್ತಾರೆ.

ಜನ ಇದಕ್ಕೆ ಚೆನ್ನಾಗಿ ಒಗ್ಗಿಕೊಂಡಿದ್ದಾರೆ. ಸೊಸೆಯಂದಿರು ವರ್ಷಕ್ಕೊಮ್ಮೆ ಹಿಂದಿನ ಸಾಲಿನಲ್ಲಿ ಹಾರಿ ಬಂದು, ಸ್ವಂತ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತು, ಅತ್ತೆಯ ಕೈಯಿಂದ ಕಾಫಿ ಇಸಿದುಕೊಳ್ಳುತ್ತಾರೆ. ಅಂಚೆ ಕಚೇರಿಯ ಗುಮಾಸ್ತರೊಬ್ಬರು ಮುಂದಿನ ಸಾಲಿನಿಂದ ಇಳಿದು ತಮ್ಮ ಮನೆಗೇ ಹೋಗಿ, "ಯಜಮಾನರು ಕಾಣಿಸ್ತಿಲ್ಲವಲ್ಲ, ಎಂಥ ಮನುಷ್ಯ?" ಎಂದು ಹೆಂಡತಿಯನ್ನು ಕೇಳಿದರು. ಆಕೆ ಮೂರು ದಿನವೂ ವಿವರವಾಗಿ ಹೇಳಿದರು. ನಾಲ್ಕನೆಯ ದಿನದಿಂದ ಆ ಮನೆಯ ಪಾತ್ರೆಗಳನ್ನು ಗುಮಾಸ್ತರೇ ತೊಳೆಯುತ್ತಾರೆ.

ನಾನು ಊರಿನ ಪತ್ರಿಕೆಯಲ್ಲಿ ಹತ್ತೊಂಬತ್ತು ವರ್ಷದಿಂದ "ಬಂದವರು" ಎಂಬ ಅಂಕಣ ಬರೆಯುತ್ತೇನೆ. ಯಾರು ಇಳಿದರು, ಯಾವ ಮನೆಗೆ ಹೋದರು, ಎಷ್ಟು ಗಂಟೆಗೆ ಹೊರಟರು. ಬೇರೇನೂ ಬರೆಯುವುದಿಲ್ಲ. ಈ ವರ್ಷ ಮುಂದಿನ ಸಾಲಿಗೆ ಹೊಸ ಸೀಟು ಹಾಕಿಸಿದಾಗ ಸಂಪಾದಕರು ನನ್ನನ್ನೇ ಅದರಲ್ಲಿ ಕಳಿಸಿದರು. "ಮೆತ್ತಗಿದೆ ಅಂತ ಬರೀಬೇಡ. ಎಷ್ಟು ಇಂಚು ಅಂತ ಬರಿ" ಎಂದರು. ಕೆಲಸದ ಮೇಲೆ ಹಾರಿದವರು ಪರವೂರಿನವರಾಗುವುದಿಲ್ಲ. ಹಾಗಿಲ್ಲದಿದ್ದರೆ ಕ್ಯಾಪ್ಟನ್ನರು ಜನ್ಮದಲ್ಲಿ ಮನೆ ಸೇರುತ್ತಿರಲಿಲ್ಲ. ಅಳತೆಯ ಟೇಪನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಹೊಸ ಸೀಟಿನ ಅಗಲ ಇಪ್ಪತ್ತೊಂದು ಇಂಚು, ಪರದೆಯ ಹಿಂದಿನದು ಹದಿನೇಳು.

ನನ್ನದು ಎರಡನೆಯ ಸಾಲಿನ ಕಿಟಕಿ ಸೀಟು. ಪಕ್ಕದಲ್ಲಿ, ನಡುದಾರಿಯ ಕಡೆ, ಗಿರಣಿ ಅಂಬುಜಾಕ್ಷಮ್ಮ. ಪೇಟೆಯಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ವಯಸ್ಸು ಅರವತ್ತನಾಲ್ಕು. ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ಗಂಟಲಿಗೆ ಗುಟ್ಟು ಹೇಳುವ ಅಭ್ಯಾಸವೇ ತಪ್ಪಿಹೋಗಿದೆ. ಕೈಯಲ್ಲಿ ಕಲ್ಲಂಗಡಿ ರಸದ ಗಾಜಿನ ಲೋಟವಿತ್ತು, ಕುಡಿದಿರಲಿಲ್ಲ.

ಮುಂದಿನ ಸಾಲಿನವರನ್ನು ಮೊದಲು ಕೂರಿಸುತ್ತಾರೆ. ಬಾಗಿಲು ಒಂದೇ ಆದ್ದರಿಂದ, ಉಳಿದ ನೂರ ನಲವತ್ತನಾಲ್ಕು ಜನ ಇವರ ಮೊಣಕೈ ಸವರಿಕೊಂಡೇ ಹಿಂದಕ್ಕೆ ಹೋಗಬೇಕು. ಸಾಮಾನ್ಯವಾಗಿ ಮುಂದಿನವರು ಆಗ ಪತ್ರಿಕೆ ಬಿಡಿಸುತ್ತಾರೆ, ಇಲ್ಲವೇ ಕಿಟಕಿಯಾಚೆ ನೋಡುತ್ತಾರೆ. ಅಂಬುಜಾಕ್ಷಮ್ಮ ಎದ್ದು ನಿಂತರು. ಮೊದಲ ಪ್ರಯಾಣಿಕನಿಗೆ ಕೈಮುಗಿದರು. ಎರಡನೆಯವನಿಗೂ ಮುಗಿದರು. ಹಿಂದೆ ಸಾಲು ನಿಂತುಬಿಟ್ಟಿತು.

"ಅಮ್ಮಾ, ನೀವು ಕೂತರೇನೇ ಅವರಿಗೆ ದಾರಿ ಆಗೋದು" ಎಂದಳು ಗಗನಸಖಿ.

ಕೂತರು. ಆದರೆ ಕತ್ತು ಇಳಿಸಲಿಲ್ಲ. ಹಾದುಹೋದ ಒಬ್ಬೊಬ್ಬರ ಮುಖವನ್ನೂ ನೋಡಿ ಹೆಸರು ಹಿಡಿದು ಮಾತಾಡಿಸಿದರು. "ಏನಪ್ಪಾ ಗುರುಪಾದ, ನಿನ್ನ ಗೋಧಿ ಬೀಸಿ ಹದಿನೈದು ದಿನ ಆಯ್ತು, ಒಯ್ಯೋರಿಲ್ಲ." "ನಿಧಾನವಾಗಿ ಹೋಗಮ್ಮ, ಚೀಲ ತಾಗಿದ್ರೆ ತಾಗಲಿ, ನಂದೇನು ಬೆಣ್ಣೆ ಮೈಯಾ?" ಹಾಗೆ ನೂರ ನಲವತ್ತನಾಲ್ಕು ಜನ. ಕೊನೆಯವನು ಹೋದ ಮೇಲೆ ಪರದೆ ಎಳೆದರು. ಅಂಬುಜಾಕ್ಷಮ್ಮ ಬೆವರಿದ್ದರು. ಬಿಸಿ ಟವೆಲ್ ಬಂತು. ಮುಖ, ಕತ್ತು, ಮೊಣಕೈ ಒರೆಸಿಕೊಂಡು, ನೀಟಾಗಿ ಮಡಿಸಿ, "ಇದನ್ನ ಒಗೆದು ಕೊಡಬೇಕಾ?" ಎಂದು ನನ್ನನ್ನು ಕೇಳಿದರು.

"ಬೇಡ. ಎಲ್ಲರನ್ನೂ ಮಾತಾಡಿಸಿದಿರಲ್ಲ, ಯಾಕೆ?" ಎಂದೆ.

"ಎಂಟು ವರ್ಷದ ಹಿಂದೆ ಒಬ್ಬಳನ್ನ ಮಾತಾಡಿಸಲಿಲ್ಲ. ಅದಕ್ಕೆ."

ವಿಮಾನ ಏರಿತು. ಅವರು ಹೇಳಿದರು. ಮೊದಲ ಸಲ ಮುಂದಿನ ಸಾಲಿನ ಸರದಿ ಬಂದಿದ್ದ ದಿನವದು. ಸೀಟಿನ ಕೈಯಲ್ಲಿ ಒಂದು ಗುಂಡಿ ಇತ್ತು. ಒತ್ತಿದರೆ ಕಾಲಿನ ಕೆಳಗೆ ಹಲಗೆ ಮೇಲೇಳುತ್ತದೆ. ಅಂಬುಜಾಕ್ಷಮ್ಮ ಅದನ್ನೇ ನೋಡುತ್ತಾ ಏರಿಸಿ ಇಳಿಸುತ್ತಿದ್ದರು. ಯಾರದೋ ಚೀಲ ಬಡಿದು ಕೈಯಲ್ಲಿದ್ದ ರಸ ತುಳುಕಿತು. ತಲೆ ಎತ್ತದೆ, "ನೋಡ್ಕೊಂಡು ಹೋಗಮ್ಮ, ಹಿಂದಿನೋರಿಗೆ ಹಿಂದೆ ಜಾಗ ಇದೆ" ಎಂದರು. ಚೀಲ ಒಂದು ಕ್ಷಣ ನಿಂತು, ಆಮೇಲೆ ಹೋಯಿತು. ಮೂರು ಸಾಲು ದಾಟಿದ ಮೇಲೆ ಇವರಿಗೆ ಹೊಳೆಯಿತು: ಆ ಚೀಲ ಹೊಲಿದದ್ದು ತಮ್ಮದೇ ಹಳೆಯ ನೀಲಿ ಸೀರೆಯಲ್ಲಿ. ಹೊತ್ತಿದ್ದವಳು ತಂಗಿ ಜೀವರತ್ನ.

"ಎದ್ದು ಹೋಗಬಹುದಿತ್ತಲ್ಲ?"

"ಪರದೆ ಎಳೆದರು. ಬೆಲ್ಟ್ ಹಾಕಿ ಅಂದರು. ಹಾಕ್ಕೊಂಡೆ." ಆಮೇಲೆ ಸೇರಿಸಿದರು: "ಬೆಲ್ಟಿನ ಮೇಲೆ ಯಾಕೆ ಹಾಕಲಿ. ನಾಚಿಕೆ ಆಯ್ತು. ಇಳಿದ ಮೇಲೆ ಇಬ್ಬರೂ ಪರವೂರಿನೋರು. ನಾಲ್ಕನೇ ದಿನ ಹೋದರಾಯ್ತು ಅಂದುಕೊಂಡೆ. ಅಷ್ಟರಲ್ಲಿ ಅವಳು ನಮ್ಮ ಗಿರಣಿ ಬಿಟ್ಟು ಕೆಳಪೇಟೆ ಗಿರಣಿಗೆ ರಾಗಿ ಕಳಿಸಿದಳು. ನನಗೂ ಸಿಟ್ಟು ಬಂತು. ಹಾಗೇ ಎಂಟು ವರ್ಷ."

"ಈಗೇಕೆ ಹೊರಟಿರಿ?"

ಅವರು ನನ್ನ ಕೈಯಲ್ಲಿದ್ದ ನೋಟ್ ಬುಕ್ ನೋಡಿದರು. "ಪೇಪರಿನೋರಲ್ವಾ ನೀವು? ಮೂರು ತಿಂಗಳ ಹಿಂದೆ 'ಬಡಗಿ ಬೀದಿಯ ಜೀವರತ್ನಮ್ಮ ನಿಧನ' ಅಂತ ಹಾಕಿದ್ರಲ್ಲ?"

ಹಾಕಿದ್ದು ನಾನೇ. ತೀರಿಕೊಂಡವರು ಅದೇ ಬೀದಿಯ ಜಯರತ್ನಮ್ಮ. ನಿಧನ ವಾರ್ತೆಯ ಪುಟ ನೋಡುವವರು ಆ ದಿನ ರಜೆಯಲ್ಲಿದ್ದರು. ಹತ್ತೊಂಬತ್ತು ವರ್ಷದಲ್ಲಿ ನನ್ನಿಂದ ಹೆಸರು ತಪ್ಪಿದ್ದು ಅದೊಂದೇ ಸಲ. ಹಾಗೆಂದು ಹೇಳಿದೆ.

"ಮಾರನೇ ದಿನ ಎರಡು ಸಾಲು ತಿದ್ದುಪಡಿ ಹಾಕಿದ್ರಿ. ನಾನು ಓಡಿದ್ದು ಒಂದೂವರೆ ಮೈಲಿ, ಬರಿಗಾಲಲ್ಲಿ" ಎಂದರು ಅಂಬುಜಾಕ್ಷಮ್ಮ. ಮುಂದಿನ ಸಾಲಿನ ಅಷ್ಟೂ ಜನ ತಿರುಗಿ ನೋಡಿದರು. "ಬೀದಿ ತುದೀಲಿ ನಿಂತು ನೋಡಿದರೆ ತಾರಸಿ ಮೇಲೆ ಸಂಡಿಗೆ ಒಣಗಿಸ್ತಾ ಕೂತಿದ್ದಾಳೆ, ಕಲ್ಲುಗುಂಡಿನ ಹಾಗೆ. ಕೂಗೋಣ ಅಂದರೆ ಬಾಯಿ ಬರಲಿಲ್ಲ. ವಾಪಸು ಬಂದು ಸೀಟಿಗೆ ಹೆಸರು ಬರೆಸಿದೆ. ಅವತ್ತು ನೀವು ತಪ್ಪು ಹಾಕಿದ್ರಿ. ಇನ್ನೊಂದು ದಿನ ಸರಿಯಾಗೇ ಹಾಕ್ತೀರಲ್ಲ? ಅವಳದ್ದೋ ನಂದೋ?"

ಪಿಂಗಾಣಿ ತಟ್ಟೆಯಲ್ಲಿ ಊಟ ಬಂತು, ಉಕ್ಕಿನ ಚಮಚ, ಬಟ್ಟೆಯ ಕರವಸ್ತ್ರ. ಅವರು ಮುಟ್ಟಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ, "ಪೇಪರಿನೋರೇ, ನೀವೊಂದು ಸ್ವಲ್ಪ ನಮ್ಮ ಜೀವು ಆಗಿ. ಬಾಗಿಲಲ್ಲಿ ನಿಂತು ಕೇಳಿ ನೋಡೋಣ. ನಂಗೆ ಗುರುತು ಬೀಳದ ಹಾಗೆ ಮಾತಾಡೋಕೆ ಬರಲ್ಲ" ಎಂದರು.

"ಯಾವ ಊರಾಯಿತಮ್ಮಾ?" ಎಂದೆ.

"ಆಚೆ ಊರು. ಯಾಕೇ ಇಷ್ಟು ಸೊರಗಿದೀಯ?"

"ಬಿತ್ತು. ಇನ್ನೊಂದು ಸಲ. ಪ್ರಯಾಣ ಹೇಗಿತ್ತು?"

"ಪ್ರಯಾಣ ಹಾಳಾಗಲಿ, ನಿನ್ನ ಮಂಡಿನೋವು ಹೇಗಿದೆ ಹೇಳು."

ಏಳು ಸಲ ಮಾಡಿದೆವು. ಏಳು ಸಲವೂ ಬಿತ್ತು. ಎಂಟನೆಯದಕ್ಕೆ ಮೊದಲು ಕ್ಯಾಪ್ಟನ್ನರ ದನಿ ಕೇಳಿತು: ಇಳಿಯುವ ಹೊತ್ತಾಯಿತು, ಬೆಲ್ಟ್ ಹಾಕಿಕೊಳ್ಳಿ.

ಮುಂದಿನ ಸಾಲಿನಿಂದ ಇಳಿದವರ ಜೊತೆ ಮನೆಯ ಬಾಗಿಲ ತನಕ ಹೋಗಿ ಗಂಟೆ ಬರೆದುಕೊಳ್ಳುವುದು ನನ್ನ ಅಂಕಣದ ಪದ್ಧತಿ. ಅಂದು ಅಂಬುಜಾಕ್ಷಮ್ಮನ ಜೊತೆ ಹೋದೆ. ಬಡಗಿ ಬೀದಿಯ ಮೂಲೆಯಲ್ಲಿ ಸೋಡಾ ಅಂಗಡಿಯ ಯಾಕೂಬ್ ಸಾಬರು ಕೂತಿದ್ದರು. ನಲವತ್ತು ವರ್ಷದಿಂದ ಇವರ ಗಿರಣಿಗೆ ಗೋಧಿ ತರುವವರು.

"ಸ್ವಾಮೀ, ಇಲ್ಲಿ ಜೀವರತ್ನಮ್ಮ ಅನ್ನೋರ ಮನೆ ಎಲ್ಲಿ?" ಎಂದರು ಅಂಬುಜಾಕ್ಷಮ್ಮ.

ಸಾಬರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. "ಊರಿಗೆ ಹೊಸಬರಾ ತಾಯಿ? ನೆಟ್ಟಗೆ ಹೋಗಿ, ಎಡಗಡೆ ಮೂರನೇ ಬಾಗಿಲು. ನಾಯಿ ಇದೆ, ಬೊಗಳುತ್ತೆ ಅಷ್ಟೆ. ಮನೆಯಮ್ಮನ ವಿಷಯ ನಾನು ಹೇಳಲಾರೆ" ಎಂದರು. ನಾವು ನಾಲ್ಕು ಹೆಜ್ಜೆ ಹೋದ ಮೇಲೆ, ಯಾರಿಗೂ ಅಲ್ಲವೆಂಬಂತೆ, "ಒಳ್ಳೇದಾಗಲಿ" ಎಂದದ್ದು ಕೇಳಿಸಿತು.

ಬಾಗಿಲು ತೆಗೆದವರು ಜೀವರತ್ನಮ್ಮನೇ. ಸಣ್ಣ ಆಳು, ಕೈಯಲ್ಲಿ ಅಕ್ಕಿ ಕೇರುತ್ತಿದ್ದ ಮೊರ. ಅಕ್ಕನ ಮುಖ ನೋಡಿದರು. ಮೊರ ಅಲುಗಲಿಲ್ಲ. ಗಂಟೆ ಹನ್ನೆರಡು ಮೂವತ್ತೈದು.

"ಯಾವ ಊರಾಯಿತು?"

"ಆಚೆ ಊರು." ಗಿರಣಿಯ ಗಂಟಲು ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಪ್ರಯಾಣ ಹೇಗಿತ್ತು?"

"ಸುಖವಾಗಿತ್ತು."

ಇಲ್ಲಿ ನೀರಿನ ಮಾತು ಬರಬೇಕು. ಬರಲಿಲ್ಲ. ಜೀವರತ್ನಮ್ಮ ಮೊರವನ್ನು ಸೊಂಟಕ್ಕೆ ಆನಿಸಿಕೊಂಡರು. "ಮುಂದಿನ ಸಾಲಿನೋರೋ?"

"ಹೌದು."

"ಅಲ್ಲಿ ಕೂತೋರ ಕಣ್ಣಿಗೆ ಹೋಗೋರು ಬರೋರು ಕಾಣಿಸ್ತಾರಾ?"

"ಕಾಣಿಸ್ತಾರೆ. ತಲೆ ಎತ್ತಬೇಕು."

"ಎತ್ತದೋರೂ ಇರ್ತಾರಂತೆ."

"ಇರ್ತಾರೆ. ನಮ್ಮೂರಲ್ಲೇ ಒಬ್ಬಳಿದ್ದಳು, ದಡ್ಡಿ. ಗುಂಡಿ ಒತ್ತಿ ಕಾಲು ಚಾಚೋದೇ ದೊಡ್ಡದು ಅಂದುಕೊಂಡಿದ್ದಳು. ಪಕ್ಕದಲ್ಲಿ ಹೋದೋರಿಗೆ ಒಂದು ಮಾತು ಅಂದುಬಿಟ್ಟಳು. ಅನ್ನಬಾರದಿತ್ತು."

"ಹೋದೋರು ಯಾರು?"

ಇದು ಬಲೆ. ಅಂಬುಜಾಕ್ಷಮ್ಮ ಬಾಯಿ ತೆರೆದರು. "ನನ್" ಎಂದು ಬಂದೇಬಿಟ್ಟಿತು. ನಾನು ಪೆನ್ನು ಎತ್ತಿದೆ. ಅವರು ಮಾತು ತಿರುಗಿಸಿದರು. "ನಂಗೇನು ಗೊತ್ತಮ್ಮ. ಅವಳಿಗೆ ತುಂಬಾ ಬೇಕಾದೋರು. ಆಮೇಲೆ ಅವಳು ಎಂಟು ವರ್ಷ ಸರಿಯಾಗಿ ನಿದ್ದೆ ಮಾಡಲಿಲ್ಲ ಅಂತ ಕೇಳಿದೀನಿ."

ಜೀವರತ್ನಮ್ಮ ಮೊರದ ಅಕ್ಕಿಯನ್ನು ನೋಡುತ್ತಾ ನಿಂತರು. ಒಂದು ಕಲ್ಲು ಆರಿಸಿ ಬೀದಿಗೆ ಎಸೆದರು. "ಕೈಕಾಲಿಗೆ ನೀರು ಕೊಡಲಾ?" ಎಂದರು.

ಒಳಗೆ ಅವರ ಗಂಡ, ನಿವೃತ್ತ ಶಾಲಾ ಮೇಷ್ಟ್ರು ನಂಜುಂಡಯ್ಯ, ಆರಾಮ ಕುರ್ಚಿಯಲ್ಲಿದ್ದರು. ಹೆಂಡತಿಯ ಅಕ್ಕನನ್ನು ಕಂಡದ್ದೇ ಖುಷಿಗೆ ಎದ್ದು, "ಅತ್ತಿ" ಎಂದರು. ಹೆಂಡತಿಯ ಕಣ್ಣು ಕಂಡು ಅಲ್ಲೇ ನಿಂತರು. "ಅತ್ತಿ ಹಣ್ಣು ತಿಂತೀರಾ ತಾವು?" ಎಂದು ವಾಕ್ಯ ಮುಗಿಸಿದರು. "ತಿಂತೀನಿ" ಎಂದರು ಅತಿಥಿ. ಮನೆಯಲ್ಲಿ ಅತ್ತಿ ಹಣ್ಣು ಇರಲೂ ಇಲ್ಲ. ಮೇಷ್ಟ್ರು ಆ ಮಧ್ಯಾಹ್ನವೆಲ್ಲ ಛತ್ರಿ ಹಿಡಿದು ಊರಿನ ಅತ್ತಿ ಮರಗಳನ್ನು ಹುಡುಕಿಕೊಂಡು ತಿರುಗಿದರು ಎಂದು ಆಮೇಲೆ ತಿಳಿಯಿತು.

ಎರಡನೆಯ ದಿನ ಸಂಜೆ ಹೋದೆ. ಅಂಬುಜಾಕ್ಷಮ್ಮ ಜಗಲಿಯಲ್ಲಿ ಚಾಪೆಯ ಮೇಲೆ, ಬೆನ್ನಿಗೆ ದಿಂಬು ಇಟ್ಟುಕೊಂಡು ಕೂತಿದ್ದರು. ಬಾಳೆಲೆ ಊಟ, ಹೊತ್ತು ಹೊತ್ತಿಗೆ ಕಾಫಿ, ಮಲಗಲು ಹೊಸ ಕಂಬಳಿ. ಯಾವುದಕ್ಕೂ ಕೊರತೆಯಿರಲಿಲ್ಲ. ಅವರ ಮುಖ ಮಾತ್ರ ಇಳಿದಿತ್ತು.

"ಚೆನ್ನಾಗಿ ನೋಡ್ಕೋತಿದಾರಲ್ಲ?" ಎಂದೆ.

"ಅದೇ ಕಷ್ಟ ಪೇಪರಿನೋರೇ. ಎರಡು ಏಟು ಹಾಕಿದ್ರೆ ವಾಸಿಯಿತ್ತು. ತಾವು ಅಂತಾಳೆ ನನ್ನ! ತಮಗೆ ಇನ್ನೊಂದು ಹೋಳಿಗೆ ಬಡಿಸಲಾ ಅಂತಾಳೆ. ಜಡೆ ಹಾಕಿ ಸ್ಕೂಲಿಗೆ ಕಳಿಸಿದ್ದು ನಾನು." ಅದನ್ನು ಪಿಸುಗುಟ್ಟುವುದಕ್ಕೆ ಅವರು ಪಟ್ಟ ಪಾಡು 'ಬಂದವರು' ಅಂಕಣಕ್ಕೆ ಸೇರುವಂಥದ್ದಲ್ಲ. "ಹೇಳಬೇಕಾದ್ದನ್ನ ಬಾಗಿಲಲ್ಲೇ ಹೇಳಿದೆ. ಅವಳೂ ಕೇಳಿಸಿಕೊಂಡಳು. ಆದರೆ ಏನೂ ಅನ್ನಲಿಲ್ಲ. ನಾಳೆ ಸಂಜೆ ಕುಂಕುಮ ಕೊಟ್ಟು ಕಳಿಸ್ತಾಳೆ, ಅಲ್ಲಿಗೆ ನಾನು ಯಾರೋ ಅವಳು ಯಾರೋ."

"ನೀವೇ ಜೀವೂ ಅಂತ ಕರೆದುಬಿಟ್ಟರೆ?"

"ಆಗ ಎದ್ದು ಹೋಗಬೇಕು. ಮತ್ತೆ ಈ ಮೆಟ್ಟಿಲು ಹತ್ತೋದು ಅವಳ ಹೆಣ ನೋಡೋಕೇನೇ."

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಜೀವರತ್ನಮ್ಮ ಬಾಗಿಲಲ್ಲಿ ಕಾಣಿಸಿಕೊಂಡು, "ತಮಗೆ ಕಾಫಿ ಇನ್ನೊಂದು ಲೋಟ ಆಗಬಹುದಾ?" ಎಂದರು. "ಆಗಬಹುದು. ತುಂಬಾ ಚೆನ್ನಾಗಿತ್ತು" ಎಂದರು ಅಕ್ಕ. ಆಕೆ ಹೋದ ಮೇಲೆ ನನ್ನ ಕಡೆ ತಿರುಗಿ, "ಕಲಗಚ್ಚು" ಎಂದರು.

ಮೂರನೆಯ ದಿನ ಸೂರ್ಯ ಮುಳುಗುವುದು ಆರು ಹನ್ನೆರಡಕ್ಕೆ. ನಾನು ಐದೂವರೆಗೇ ಹೋಗಿ ಬೀದಿಯಲ್ಲಿ ನಿಂತೆ. ಎದುರು ಮನೆಯ ಮಹಡಿಯಲ್ಲಿ ಒಬ್ಬ ಹೆಂಗಸು ಒಣಗಿದ ಬಟ್ಟೆ ತೆಗೆಯುವ ನೆವದಲ್ಲಿ ಒಂದೇ ಲಂಗವನ್ನು ನಾಲ್ಕು ಸಲ ಮಡಿಸುತ್ತಿದ್ದಳು. ಜಗಲಿಯಲ್ಲಿ ಜೀವರತ್ನಮ್ಮ ಅಕ್ಕನಿಗೆ ಕುಂಕುಮ ಕೊಟ್ಟರು, ರವಿಕೆ ಕಣ, ತೆಂಗಿನಕಾಯಿ, ಎರಡು ಎಲೆ ಅಡಿಕೆ ಕೊಟ್ಟರು. ಎಲ್ಲ ಕ್ರಮವಾಗಿ. "ಮತ್ತೆ ಬನ್ನಿ" ಎಂದರು. "ಬರ್ತೀನಿ" ಎಂದರು ಅಂಬುಜಾಕ್ಷಮ್ಮ. ಎರಡೂ ಕಾನೂನಿನ ಮಾತು. ಮೇಷ್ಟ್ರು ಕಂಬದ ಹಿಂದೆ ನಿಂತು ಕನ್ನಡಕ ಒರೆಸುತ್ತಿದ್ದರು.

ಅಂಬುಜಾಕ್ಷಮ್ಮ ಮೂರು ಮೆಟ್ಟಿಲು ಇಳಿದರು. ಚಪ್ಪಲಿ ಮೆಟ್ಟಿದರು. ತಿರುಗಿ ನೋಡದೆ ನಡೆದರು. ಹತ್ತು ಹೆಜ್ಜೆ ಹೋಗಿರಬೇಕು, ಒಂದು ಕೈ ಗೋಡೆಗೆ ಹೋಯಿತು, ನಿಂತರು. ಬಿಸಿಲು ಇನ್ನೂ ಓರೆಯಾಗಿ ಬೀಳುತ್ತಿತ್ತು.

"ಅಯ್ಯೋ ನಿನ್ನ ತಲೆ!" ಜಗಲಿಯಿಂದ ಬಂದ ದನಿ ಅದು. "ಬೆಳಗಿಂದ ಒಂದು ಅಗಳು ಬಾಯಿಗೆ ಹಾಕಿಲ್ಲ, ಹೊರಟಳು ಮಹಾರಾಣಿ! ಖಾಲಿ ಹೊಟ್ಟೇಲಿ ನಡೆದ್ರೆ ನಿಂಗೆ ತಲೆ ಸುತ್ತುತ್ತೆ ಅಂತ ಚಿಕ್ಕಂದಿನಿಂದ ಬಡ್ಕೋತಾ ಇದೀನಿ! ಸಂತೆ ಬೀದೀಲಿ ಬಿದ್ದಾಗ ಹೊತ್ತುಕೊಂಡು ಬಂದೋಳು ಯಾರೇ? ನಾನು ತಾನೆ?"

ಮಹಡಿಯ ಮೇಲಿನ ಲಂಗ ಕೆಳಗೆ ಬಿತ್ತು. "ಬಿತ್ತು!" ಎಂದಳು ಆ ಹೆಂಗಸು. ಲಂಗದ ವಿಷಯವಲ್ಲ. "ಜೀವರತ್ನಮ್ಮೋರೇ, ಗುರುತು ಬಿತ್ತು!"

ಜೀವರತ್ನಮ್ಮನ ಕೈ ಬಾಯಿಯ ತನಕ ಹೋಗಿತ್ತು. ಅದನ್ನು ಕೆಳಗಿಳಿಸಿ ಸೊಂಟದ ಮೇಲಿಟ್ಟರು. "ಬಿತ್ತು ಕಣ್ರೀ. ಏನೀಗ? ಹೋಗಿ, ಒಂದು ವರ್ಷ ನಗಿ."

ಕಾನೂನು ಮುಗಿದಿತ್ತು. ಅಂಬುಜಾಕ್ಷಮ್ಮ ಗೋಡೆ ಹಿಡಿದು ಬೀದಿಯಲ್ಲಿ ನಿಂತಿದ್ದರು, ತೆಂಗಿನಕಾಯಿ ಕಂಕುಳಲ್ಲಿ. ತಂಗಿಯ ಕಡೆ ನಿಧಾನವಾಗಿ ತಿರುಗಿದರು.

"ಹಾಗಾದ್ರೆ ಏನಾದ್ರೂ ತಿನ್ನೋಕೆ ಕೊಡು."

"ಒಳಗೆ ಬಂದು ಹಾಕ್ಕೋ. ನಾನೇನು ನಿನ್ನ ಆಳಾ?"

ಅಂಬುಜಾಕ್ಷಮ್ಮ ಮೆಟ್ಟಿಲು ಹತ್ತಿದರು. ಮೇಷ್ಟ್ರು ಕಂಬದಿಂದ ಈಚೆ ಬಂದು, ಮೂರು ದಿನದಿಂದ ಹಿಡಿದಿಟ್ಟಿದ್ದನ್ನು ಬಿಡುವವರಂತೆ, "ಅತ್ತಿಗೆ, ಅತ್ತಿಗೆ, ಅತ್ತಿಗೆ" ಎಂದು ಮೂರು ಸಲ ಕರೆದರು. ಅಂಬುಜಾಕ್ಷಮ್ಮ ನೇರ ಅಡುಗೆಮನೆಗೆ ಹೋದರು. ನಾನು ಗಡಿಯಾರ ನೋಡಿಕೊಂಡೆ, ಐದು ಐವತ್ತೆರಡು. ಒಳಗೆ ತಟ್ಟೆ ಇಟ್ಟ ಸದ್ದು, ಜಾಡಿಯ ಮುಚ್ಚಳ ತೆಗೆದ ಸದ್ದು. ಆಮೇಲೆ ಗಿರಣಿಯ ಗಂಟಲು, ಮೂಲೆಯ ಸೋಡಾ ಅಂಗಡಿಗೂ ಕೇಳುವಂತೆ:

"ಇದೇನೇ ಜೀವೂ, ಉಪ್ಪಿನಕಾಯಿಗೆ ಉಪ್ಪೇ ಇಲ್ಲವಲ್ಲೇ!"

"ತೆಪ್ಪಗೆ ತಿನ್ನೇ ಅಕ್ಕ."